ಅಡುಗೆಮನೆಯ ಮೊಳೆ

ಹನ್ನೆರಡು ಗಡಿಯಾರಗಳೂ ಹಿಂದೆ ಬಿದ್ದಿದ್ದವು. ಒಂದೆರಡಾಗಿದ್ದರೆ ಮಿತ್ಸುಯೊ ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಹನ್ನೆರಡಕ್ಕೆ ಹನ್ನೆರಡೂ, ಮೂವತ್ತು ದಿನದಲ್ಲಿ ಹದಿನೇಳರಿಂದ ಇಪ್ಪತ್ತೆರಡು ಸೆಕೆಂಡು. ಹದಿನೈದು ದಾಟಿದರೆ ಆ ಗಡಿಯಾರವನ್ನು ಮಾರುವ ಹಾಗಿಲ್ಲ.

ಹೆಂಗಸರಿಗೆಂದೇ ಮಾಡಿದ ಹೊಸ ಎಲೆಕ್ಟ್ರಾನಿಕ್ ಕೈಗಡಿಯಾರ ಅದು. ಏಪ್ರಿಲ್ ತಿಂಗಳಲ್ಲಿ ಅಂಗಡಿಗೆ ಹೋಗಬೇಕಿತ್ತು. ಅದಕ್ಕೆ ಮೊದಲು ಸುವಾ ಸರೋವರದ ದಂಡೆಯ ಆ ಕಾರ್ಖಾನೆಯ ಹನ್ನೊಂದು ಹೆಂಗಸರಿಗೆ, ಜೊತೆಗೆ ಮುಖ್ಯಸ್ಥರ ಹೆಂಡತಿಗೆ ಒಂದೊಂದನ್ನು ಕೊಟ್ಟು, ಒಂದು ತಿಂಗಳು ಕಟ್ಟಿಕೊಂಡು ಓಡಾಡಿ ಎಂದಿದ್ದರು. ಹನ್ನೆರಡನ್ನೂ ಹೊಂದಿಸಿದ್ದು ಮಿತ್ಸುಯೊಳ ಕೈ. ಪ್ರತಿಯೊಂದರ ಒಳಗಿನ ಚೀಟಿಯಲ್ಲೂ ಅವಳ ಮೇಜಿನ ಸಂಖ್ಯೆ ಏಳು ಇತ್ತು.

"ಉಶಿಯಾಮಾ-ಸಾನ್, ಇದು ಕೈತಪ್ಪು," ಅಂದರು ಕೊಯಿಕೆ ಕಾಚೋ, ಮಿತ್ಸುಯೊಳನ್ನು ಮನೆತನದ ಹೆಸರಿನಿಂದ ಕರೆದು. ವಿಭಾಗದ ಮುಖ್ಯಸ್ಥರನ್ನು ಅಲ್ಲಿ ಎಲ್ಲರೂ ಕಾಚೋ ಎಂದೇ ಕರೆಯುವುದು. ಅವರು ದನಿ ಏರಿಸಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. "ಹೋದ ವರ್ಷ ಗಂಡಸರ ಗಡಿಯಾರ ತಿಂಗಳಿಗೆ ಬರೀ ಮೂರು ಸೆಕೆಂಡು ತಪ್ಪಿತ್ತು. ಅದೇ ಸರ್ಕ್ಯೂಟು, ಅದೇ ಹರಳು. ಬದಲಾಗಿದ್ದು ಒಂದೇ, ಹೊಂದಿಸೋ ತಿರುಪು ಚಿಕ್ಕದಾಯ್ತು. ನಿಮಗೂ ಮೂವತ್ತೇಳಾಯ್ತಲ್ಲ. ಕಣ್ಣು ಸೋತಿರಬೇಕು."

"ನನ್ನ ಕಣ್ಣು ಸರಿಯಾಗಿದೆ, ಕಾಚೋ."

"ಸರಿಯಾಗಿದ್ರೆ ಇವೆಲ್ಲ ಯಾಕೆ ಹಿಂದೆ ಬಿದ್ವು? ಶನಿವಾರ ಮೇಲಿನವರಿಗೆ ವರದಿ ಹೋಗ್ಬೇಕು. ಕಾರಣ ಗೊತ್ತಾಗ್ಲಿಲ್ಲ ಅಂತ ಬರೆಯೋಕಾಗಲ್ಲ. ಬರೋ ಸೋಮವಾರದಿಂದ ನೀವು ಪ್ಯಾಕಿಂಗ್ ಕಡೆ ಹೋಗಿ. ಅಲ್ಲಿ ಕಣ್ಣಿಗೂ ಆರಾಮ."

ಪ್ಯಾಕಿಂಗ್ ಎಂದರೆ ಡಬ್ಬ ಮಡಿಸುವುದು. ಮಿತ್ಸುಯೊ ತಲೆಬಾಗಿಸಿ ಹೊರಬಂದಳು. ಬಂದವಳು ತನ್ನ ಮೇಜಿನ ಮುಂದೆ ಕೂರಲಿಲ್ಲ. ನಿಂತೇ ಕನ್ನಡಕವನ್ನು ಒರೆಸಿದಳು. ಅದನ್ನೇ ಮತ್ತೆ ಒರೆಸಿದಳು.

ಆ ಮೇಜು ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಅವಳು ಯಾತ್ಸುಗಾತಾಕೆ ಬೆಟ್ಟದ ಬುಡದ ಊರಿನವಳು. ಅಪ್ಪ ಚಳಿಗಾಲದಲ್ಲಿ ಕಡಲಪಾಚಿಯ ಗಂಜಿ ಕಾಯಿಸಿ, ಬಯಲಿನಲ್ಲಿ ಹರಡಿ, ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿಸಿ, ಹಗಲ ಬಿಸಿಲಿಗೆ ಒಣಗಿಸಿ ಮಾರುತ್ತಿದ್ದ. ಹದಿನೈದಕ್ಕೆ ಅವಳು ಕಾರ್ಖಾನೆ ಸೇರಿದಳು. ಕೂದಲಿಗಿಂತ ತೆಳ್ಳಗಿನ ಸುರುಳಿ ಸ್ಪ್ರಿಂಗನ್ನು ಚಿಮಟಿಗೆಯಲ್ಲಿ ಹಿಡಿದು ಹದಕ್ಕೆ ತರುವ ಕೆಲಸ. ಮದುವೆಯಾಯಿತು, ಎರಡು ಹೆರಿಗೆಯಾಯಿತು. ಎರಡು ಸಲವೂ ಎಂಟು ವಾರಕ್ಕೆ ವಾಪಸ್ಸು ಬಂದು ಕೂತಳು. ಆಮೇಲೆ ಒಂದು ವಸಂತದಲ್ಲಿ ಸ್ಪ್ರಿಂಗಿನ ಮೇಜುಗಳನ್ನೆಲ್ಲ ಎತ್ತಿಕೊಂಡು ಹೋದರು. ಇನ್ನು ಮುಂದೆ ಗಡಿಯಾರಕ್ಕೆ ಸ್ಪ್ರಿಂಗ್ ಬೇಡ, ಹರಳು ಸಾಕು ಅಂದರು. ನಲವತ್ತು ಹೆಂಗಸರಲ್ಲಿ ಮೂವತ್ತೇಳು ಮಂದಿ ಮನೆಗೋ ಪ್ಯಾಕಿಂಗಿಗೋ ಹೋದರು. ಉಳಿದ ಮೂವರು ಹೊಸ ವಿದ್ಯೆ ಕಲಿಸಿ ಎಂದು ಕೇಳಿಕೊಂಡರು.

ಕಲಿಸಿದವನು ಹಾಮಾ ಎಂಬ ಹೊಸ ಇಂಜಿನಿಯರ್. ಪಾಠ ಹೇಳುವಾಗ ಅವನು ಹೆಂಗಸರನ್ನು ನೋಡಲು ನಾಚಿ ಗೋಡೆಗೆ ಹೇಳುತ್ತಿದ್ದ. ಗಡಿಯಾರ ಎಂದರೆ ನಡುಗುವುದೊಂದು, ಎಣಿಸುವುದೊಂದು, ಅಷ್ಟೆ. ಎರಡು ಕವಲಿನ ಸಣ್ಣ ಹರಳೊಂದು ಗಾಳಿಯಿಲ್ಲದ ಡಬ್ಬಿಯೊಳಗೆ ಕೂತು ಸೆಕೆಂಡಿಗೆ ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು ಸಲ ನಡುಗುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. ಆದರೆ ಹರಳನ್ನು ಅದರ ಪಾಡಿಗೆ ಬಿಟ್ಟರೆ ನಡುಕ ಸೋತು ನಿಂತುಬಿಡುತ್ತದೆ. ಪ್ರತಿ ನಡುಕದಲ್ಲೂ ಎಷ್ಟು ಸೋತಿತೋ ಅಷ್ಟನ್ನೇ, ಸರಿಯಾದ ಗಳಿಗೆಗೆ, ಸರ್ಕ್ಯೂಟು ಮತ್ತೆ ಕೊಡುತ್ತಿರಬೇಕು.

"ಅರ್ಥವಾಯ್ತಾ?" ಎಂದು ಗೋಡೆಯನ್ನೇ ಕೇಳಿದ ಹಾಮಾ.

ಮಿತ್ಸುಯೊಗೆ ಎರಡನೇ ಸಲ ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮೂಲಂಗಿ ಹೆಚ್ಚುವಾಗ ಮೊಣಕಾಲು ತನ್ನಷ್ಟಕ್ಕೆ ಸಣ್ಣಗೆ ಕುಣಿಯುತ್ತಿರುತ್ತದೆ. ಕೈ ಏನೇ ಮಾಡುತ್ತಿರಲಿ, ಕುಣಿತ ನಿಂತ ಕೂಡಲೇ ಮಗು ಎದ್ದು ಅಳುತ್ತದೆ. ಕುಣಿತ ಯಾರ ಕಣ್ಣಿಗೂ ಬೀಳುವುದಿಲ್ಲ, ಮಗು ಎಷ್ಟು ಸಾಧು ಅನ್ನುತ್ತಾರೆ.

ಅಂದಿನಿಂದ ಆರು ವರ್ಷ, ಅದೇ ಕೆಲಸ. ಇಪ್ಪತ್ತೈದು ಡಿಗ್ರಿ ಬೆಚ್ಚಗಿನ ಕೋಣೆಯಲ್ಲಿ ಕೂತು, ಉಸಿರು ಹಿಡಿದು, ಪ್ಲಾಸ್ಟಿಕ್ ತುದಿಯ ಸ್ಕ್ರೂಡ್ರೈವರಿನಿಂದ ಸಾಸಿವೆ ಗಾತ್ರದ ತಿರುಪನ್ನು ಸಾಸಿವೆಯಷ್ಟೇ ತಿರುಗಿಸಿ, ಎದುರಿನ ಯಂತ್ರದಲ್ಲಿ ಸೊನ್ನೆ ಬರುವಂತೆ ಮಾಡುವುದು. ತಿರುಪು ಯಾವಾಗ ಒಪ್ಪಿತು ಎನ್ನುವುದು ಯಂತ್ರಕ್ಕಿಂತ ಮೊದಲು ಅವಳ ಬೆರಳಿಗೆ ತಿಳಿಯುತ್ತಿತ್ತು. ಆ ಬೆರಳನ್ನು ಈಗ ಡಬ್ಬ ಮಡಿಸಲು ಕಳಿಸುತ್ತಾರಂತೆ.

ಮಧ್ಯಾಹ್ನ ಹಾಮಾನ ಮೇಜಿನ ಹತ್ತಿರ ಹೋದಳು. ವಾಪಸ್ಸು ಬಂದ ಹನ್ನೆರಡನ್ನೂ ಅವನು ಯಂತ್ರಕ್ಕಿಟ್ಟು ನೋಡುತ್ತಿದ್ದ.

"ವಿಚಿತ್ರ," ಅಂದ. ಈಗ ಗೋಡೆಗೆ ಮಾತಾಡುವುದನ್ನು ಬಿಟ್ಟಿದ್ದ. "ಇಲ್ಲಿ ಎಲ್ಲವೂ ಸೊನ್ನೆ. ನೀವು ಹೊಂದಿಸಿದ್ದು ಒಂದು ಕೂದಲಷ್ಟೂ ಕದಲಿಲ್ಲ. ಮನೆಗೆ ಹೋದ ತಕ್ಷಣ ಸೋಮಾರಿಯಾಗ್ತಾವೆ."

"ಹಾಗಾದ್ರೆ ನನ್ನ ಕೈ ಅಲ್ಲ ಅಂತ ಕಾಚೋಗೆ ಹೇಳ್ತೀರಾ?"

"ಕೈ ಅಲ್ಲ ಅಂದ್ರೆ ಮತ್ತೇನು ಅಂತ ಕೇಳ್ತಾರೆ. ಚಳಿಗೆ ಹರಳು ನಿಧಾನ ಆಗುತ್ತೆ, ನಿಜ. ಆದ್ರೆ ಕೈಯಲ್ಲಿದ್ರೆ ಮೈ ಶಾಖ ಇದ್ದೇ ಇರುತ್ತಲ್ಲ. ಇಲ್ನೋಡಿ, ಹನ್ನೆರಡು ಜನಾನೂ ಬರೆದಿದ್ದೀರಿ."

ಅವನು ಹಾಳೆಗಳನ್ನು ಮುಂದೆ ತಳ್ಳಿದ. ಪ್ರತಿದಿನ ಬೆಳಿಗ್ಗೆ ಏಳಕ್ಕೆ ರೇಡಿಯೋ ಗಂಟೆಗೆ ಹೋಲಿಸಿ ಎಷ್ಟು ಸೆಕೆಂಡು ಹಿಂದೆ, ಎಷ್ಟು ಮುಂದೆ ಎಂದು ಬರೆಯುವ ಸಾಲುಗಳು. ಕೆಳಗೆ ಒಂದು ವಾಕ್ಯ: ಸ್ನಾನ ಬಿಟ್ಟು ಬೇರೆಲ್ಲ ಹೊತ್ತಿನಲ್ಲಿ, ನಿದ್ದೆಯಲ್ಲೂ, ಧರಿಸಿದ್ದೆ. ಪಕ್ಕದ ಸುತ್ತಿನಲ್ಲಿ ಗುರುತು. ಅದರ ಕೆಳಗೆ, ಸಹಿಯ ಬದಲು, ಕೆಂಪು ಶಾಯಿಯಲ್ಲಿ ಮನೆತನದ ಮುದ್ರೆ. ಹನ್ನೆರಡು ಹಾಳೆ, ಹನ್ನೆರಡು ಮುದ್ರೆ. ಅವಳದೂ ಇತ್ತು, ಉಶಿಯಾಮಾ, ಸ್ವಲ್ಪ ಓರೆಯಾಗಿ.

ಮಿತ್ಸುಯೊಳ ಕಿವಿ ಬಿಸಿಯಾಯಿತು. "ನನ್ನದನ್ನ ನಾಲ್ಕು ದಿನದ ಮಟ್ಟಿಗೆ ಕೊಡ್ತೀರಾ?" ಎಂದಷ್ಟೇ ಕೇಳಿದಳು.

ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ಅಕ್ಕಿ ಅಳೆದಳು. ತೋಳು ಮಡಿಸಿದಳು. ಗಡಿಯಾರ ಬಿಚ್ಚಿ ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿದಳು. ನೇತುಹಾಕಿದ ಮೇಲೆ ಕೈಯನ್ನು ನೋಡಿಕೊಂಡು ನಿಂತಳು.

ಟೀ ಸೋಸುವ ಜರಡಿಯನ್ನು ತೂಗುಹಾಕಲು ಹೊಡೆದ ಮೊಳೆ ಅದು. ತಿಂಗಳಿಡೀ ಗಡಿಯಾರ ಅಲ್ಲಿಗೇ ಹೋಗಿತ್ತು. ಹೋಗದೆ ಏನು ಮಾಡುತ್ತದೆ? ನೀರು ತಾಗಿಸಬಾರದು ಎಂದು ಅದೇ ಹಾಳೆಯ ಮೇಲ್ಭಾಗದಲ್ಲಿ ಬರೆದಿತ್ತು. ಬಿಚ್ಚಬಾರದು ಎಂದು ಕೆಳಭಾಗದಲ್ಲಿ. ಆ ಎರಡು ಸಾಲುಗಳ ನಡುವೆ ಅಕ್ಕಿ, ಪಾತ್ರೆ, ಬಟ್ಟೆ, ಉಪ್ಪಿನಕಾಯಿಯ ಪೀಪಾಯಿ, ಅತ್ತೆಯ ಬೆನ್ನು.

"ಏನು ಮಿತ್ಸು, ಮೊಳೆಗೆ ಪೂಜೆ ಮಾಡ್ತಿದ್ದೀಯಾ?" ಅಂದಳು ಅತ್ತೆ ತೊಕು. ಎಪ್ಪತ್ತೊಂದರ ಮುದುಕಿ, ಮೇಜಿನ ಕೆಳಗಿನ ಕೆಂಡದ ಗೂಡಿಗೆ ಕಾಲಿಳಿಬಿಟ್ಟು, ಹೊದಿಕೆಯನ್ನು ಎದೆಯವರೆಗೂ ಎಳೆದುಕೊಂಡು ಕೂತಿದ್ದಳು. "ಅನ್ನಕ್ಕೆ ಇಟ್ಟಮೇಲೆ ಮಾಡು."

ಅನ್ನಕ್ಕಿಟ್ಟು ಮಿತ್ಸುಯೊ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದಳು. ಹಾಳೆಯಲ್ಲಿ ಬರೆಯುವ ಮೊದಲು ಅಂಕಿಯನ್ನು ಅವಳು ಅಲ್ಲೇ ಗೀಚಿಕೊಳ್ಳುತ್ತಿದ್ದಳು. ಹಿಂದೆ ಒಂದು, ಹಿಂದೆ ಎರಡು, ಎರಡು, ಮೂರು, ನಾಲ್ಕು. ಇಳಿಯುತ್ತ ಹೋದ ಮೆಟ್ಟಿಲು. ಜನವರಿ ಏಳಕ್ಕೆ ಹನ್ನೊಂದು. ಎಂಟಕ್ಕೆ ಹನ್ನೊಂದು. ಒಂಬತ್ತಕ್ಕೂ ಹನ್ನೊಂದು. ಹತ್ತಕ್ಕೂ. ಆಮೇಲೆ ಮತ್ತೆ ಇಳಿತ, ಮೊದಲಿಗಿಂತ ಕಡಿದಾಗಿ.

"ಅತ್ತೆ, ಏಳನೇ ತಾರೀಕು ಏನಾಗಿತ್ತು?"

"ಏನಾಗಿತ್ತಾ? ನೀನು ಜ್ವರ ಅಂತ ಮಲಗಿದ್ದೆ. ಮೂರು ದಿನ. ನಾನು ಈ ಸೊಂಟ ಇಟ್ಕೊಂಡು ಅಕ್ಕಿ ತೊಳೆದೆ, ನಿನ್ನ ಗಂಡ ಒಂದು ದಿನ ಮೊಟ್ಟೆ ಸುಟ್ಟು ಕರಕು ಮಾಡಿದ. ಬಾಣಲೆ ಇನ್ನೂ ಕಪ್ಪಗಿದೆ. ಮರೆತುಬಿಟ್ಯಾ?"

ಮರೆತಿರಲಿಲ್ಲ. ಮೂರು ದಿನ ಅವಳು ಹಾಸಿಗೆಯಲ್ಲಿದ್ದಳು, ಗಡಿಯಾರ ಕೈಯಲ್ಲಿತ್ತು. ಅವಳು ಕೆಲಸ ಮಾಡದ ಮೂರು ದಿನ ಗಡಿಯಾರ ಸರಿಯಾಗಿ ನಡೆದಿತ್ತು.

ಮಕ್ಕಳ ಕೋಣೆಯಿಂದ ಉಷ್ಣಮಾಪಕ ತಂದು ಮೊಳೆಗೆ ಕಟ್ಟಿದಳು. ಅನ್ನ ಬೇಯುವಷ್ಟರಲ್ಲಿ ಅದು ಸೊನ್ನೆಯಿಂದ ಒಂದು ಡಿಗ್ರಿ ಕೆಳಗೆ ತೋರಿಸಿತು. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದಾಗ ಆರು ಡಿಗ್ರಿ ಕೆಳಗಿತ್ತು. ಸುವಾದ ಅಡುಗೆಮನೆಗಳು ಹಾಗೆಯೇ. ಮೊಟ್ಟೆ ಒಡೆಯಬಾರದೆಂದು ಅಲ್ಲಿಂದ ತೆಗೆದು ಒಳಗಿನ ಕೋಣೆಯಲ್ಲಿಡುತ್ತಾರೆ.

ಮಂಗಳವಾರದಿಂದ ಅವಳು ಬರೆಯತೊಡಗಿದಳು. ಅಂಗಡಿಯ ಜಾಹೀರಾತಿನ ಕಾಗದದ ಹಿಂಬದಿಯಲ್ಲಿ, ಸೀಸದಕಡ್ಡಿಯಲ್ಲಿ. ಗಡಿಯಾರ ಮೊಳೆಗೆ ಹೋದ ಹೊತ್ತು, ಕೈಗೆ ಬಂದ ಹೊತ್ತು. ಐದು ಐದಕ್ಕೆ ಹೋಯಿತು, ಅಕ್ಕಿ, ಸಾರಿಗೆ ಸೊಪ್ಪು, ಮಕ್ಕಳ ಬುತ್ತಿ. ಆರು ಐವತ್ತೈದಕ್ಕೆ ಬಂತು, ರೇಡಿಯೋ. ಏಳು ಎರಡಕ್ಕೆ ಮತ್ತೆ ಹೋಯಿತು, ಪಾತ್ರೆ. ಸಂಜೆ ಕೋಟು ಬಿಚ್ಚುವ ಮೊದಲೇ ಹೋಯಿತು. ಊಟಕ್ಕೆ ಬಂತು, ಊಟ ಮುಗಿಯುವ ಮೊದಲೇ ಹೋಯಿತು, ಗಂಡನಿಗೆ ಇನ್ನೊಂದು ಬಟ್ಟಲು ಬೇಕಿತ್ತು, ಒಲೆಯ ಮೇಲೆ ಅತ್ತೆಯ ಬಿಸಿನೀರು ಉಕ್ಕುತ್ತಿತ್ತು. ಬರೆಯಲು ಶುರುಮಾಡಿದ ಮೇಲೆ ನೆಮ್ಮದಿ ಹೋಯಿತು. ಮೊದಲು ಕೆಲಸ ಒಂದರೊಳಗೊಂದು ಕರಗಿಹೋಗುತ್ತಿತ್ತು. ಈಗ ಪ್ರತಿಯೊಂದಕ್ಕೂ ಒಂದು ಬಾಲ ಬೆಳೆದು, ಅದು ಮೈಮೇಲೆ ಹರಿದಾಡುವಂತಾಯಿತು. ಪಾತ್ರೆಗೆ ನಲವತ್ತು ನಿಮಿಷ ಎಂದು ತಿಳಿದವಳಿಗೆ ಪಾತ್ರೆ ತೊಳೆಯುವುದು ಮೊದಲಿನಷ್ಟು ಸುಲಭವಲ್ಲ.

ಮಂಗಳವಾರ ರಾತ್ರಿ ಗಂಡ ಕಾಂಜಿ ಆ ಕಾಗದವನ್ನು ನೋಡಿದ. ಅವನು ಊರಿನ ಬಸ್ ಚಾಲಕ.

"ಏನಿದು? ಯಾವ ರೂಟಿನ ಬಸ್ಸು? ಇಷ್ಟು ಸಲ ಹೋಗಿ ಬರ್ತಿದೆ, ಡ್ರೈವರ್ ಸಾಯ್ತಾನೆ."

"ಕೂಡಿಸಿ ನೋಡಿ."

ಅವನಿಗೆ ವೇಳಾಪಟ್ಟಿ ಕೂಡಿಸುವುದು ಬಾಯಿಪಾಠ. ಬೆರಳು ಜಾರಿಸುತ್ತ ಹೋದ. "ಐದು ಗಂಟೆ ನಲವತ್ತು ನಿಮಿಷ. ಕಾರ್ಖಾನೆಯ ಎಂಟು ಗಂಟೆ ಬಿಟ್ಟು?"

"ಅದು ಬಿಟ್ಟು."

"ಇಷ್ಟೊತ್ತು ನೀರಲ್ಲಿ ಏನು ಮಾಡ್ತೀಯ?"

ನಿಜವಾಗಿಯೂ ತಿಳಿಯದೆ ಕೇಳಿದ ಮಾತು. ಮಿತ್ಸುಯೊ ಅವನ ಮುಂದಿನ ಖಾಲಿ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು.

ಕಾರಣ ಸಿಕ್ಕಿತ್ತು, ಆದರೆ ಅದನ್ನು ಹೇಳಬೇಕಾದರೆ ಹಾಳೆಯಲ್ಲಿ ಬರೆದದ್ದು ಸುಳ್ಳು ಅನ್ನಬೇಕು. ಅವಳೊಬ್ಬಳ ಗಡಿಯಾರದಿಂದ ಏನೂ ರುಜುವಾತಾಗದು. ಇನ್ನೂ ಹನ್ನೊಂದು ಮುದ್ರೆಗಳಿದ್ದವು.

ಬುಧವಾರ ಬೆಳಿಗ್ಗೆ ಹತ್ತರ ಟೀ ಬಿಡುವು. ಆ ಕಡೆ ಟೀ ಎಂದರೆ ಉಪ್ಪಿನಕಾಯಿಯೂ ಹೌದು. ಪ್ರತಿಯೊಬ್ಬಳೂ ತನ್ನ ಮನೆಯ ನೊಝಾವಾನಾ ಸೊಪ್ಪಿನ ಉಪ್ಪಿನಕಾಯಿ ತಂದು ಮಧ್ಯದಲ್ಲಿಡುತ್ತಾಳೆ, ಯಾರದು ಹುಳಿ ಹೆಚ್ಚು, ಯಾರ ಅತ್ತೆ ಉಪ್ಪಿಗೆ ಜಿಪುಣಿ ಎಂಬ ಮಾತು ನಡೆಯುತ್ತದೆ. ಮಿತ್ಸುಯೊ ಇಸೊಕೊಳ ಡಬ್ಬಿಯಿಂದ ಒಂದು ದಂಟು ಎತ್ತಿಕೊಂಡಳು. ಇಸೊಕೊ ಅವರಲ್ಲಿ ಹಿರಿಯಳು, ಐವತ್ಮೂರು ವಯಸ್ಸು.

"ಇಸೊಕೊ ಅಕ್ಕ, ಇದನ್ನ ಪೀಪಾಯಿಯಿಂದ ತೆಗೆದಿದ್ದು ಯಾವಾಗ?"

"ಇವತ್ತು ಬೆಳಿಗ್ಗೆ. ಮೇಲೆ ಈ ದಪ್ಪ ಮಂಜುಗಡ್ಡೆ. ಮುಷ್ಟಿಯಲ್ಲಿ ಒಡೆದು ಮೊಣಕೈವರೆಗೂ ಕೈ ಹಾಕಿದೆ. ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಪರೀಕ್ಷೆಯ ಗಡಿಯಾರ ಇದ್ದಾಗ ಅದು ಎಲ್ಲಿರ್ತಿತ್ತು, ಕೈ ಹಾಕುವಾಗ?"

ಒಬ್ಬಳು ಕಿಸಕ್ಕನೆ ನಕ್ಕಳು. "ನಂದು ಚಪ್ಪಲಿ ಗೂಡಿನ ಮೇಲೆ," ಅಂದಳು. "ನಂದು ಬಟ್ಟೆ ಒಣಗಿಸೋ ಕ್ಲಿಪ್ಪಿನ ಬುಟ್ಟೀಲಿ," ಅಂದಳು ಇನ್ನೊಬ್ಬಳು. "ನಮ್ಮತ್ತೆ ಅದನ್ನ ಸತ್ತ ಮಾವನ ಫೋಟೋ ಮುಂದೆ ಇಡ್ತಿದ್ರು, ಅವರಾದ್ರೂ ನೋಡ್ಕೊಳ್ತಾರೆ ಅಂತ." ನಗು ಜೋರಾಯಿತು.

"ಮತ್ತೆ ಹಾಳೇಲಿ ಸದಾ ಕಟ್ಟಿಕೊಂಡಿದ್ದೆ ಅಂತ ಬರೆದ್ರಲ್ಲ," ಅಂದಳು ಮಿತ್ಸುಯೊ.

ನಗು ನಿಂತಿತು.

"ನೀನೂ ಬರೆದೆ," ಅಂದಳು ಇಸೊಕೊ.

"ನಾನೂ ಬರೆದೆ. ಅದನ್ನೇ ಕಾಚೋಗೆ ಹೇಳ್ಬೇಕು ಅಂತಿದ್ದೀನಿ. ಎಲ್ಲರೂ ಸೇರಿ ಹೇಳಿದ್ರೆ—"

"ಎಲ್ಲರೂ ಸೇರಿ ಸುಳ್ಳಿಯರು ಅನ್ನಿಸಿಕೊಳ್ಳೋಣ ಅಂತೀಯ." ಇಸೊಕೊ ಡಬ್ಬಿಯ ಮುಚ್ಚಳ ಹಾಕಿದಳು. "ನೋಡು ಮಿತ್ಸುಯೊ, ನನಗಿನ್ನು ನಿವೃತ್ತಿಗೆ ಎರಡು ವರ್ಷ. ಮರ್ಯಾದೆಯಾಗಿ ಹೂವು ಇಸ್ಕೊಂಡು ಹೋಗಬೇಕು. ಮನೆತನದ ಮುದ್ರೆ ಒತ್ತಿ ಸುಳ್ಳು ಬರೆದೆ ಅಂತ ಹೇಳೋಕೆ ನನ್ನಿಂದಾಗಲ್ಲ. ಪ್ಯಾಕಿಂಗ್ ಏನು ನರಕವಾ? ಹೆಂಗಸರು ಅಲ್ಲೂ ಕೆಲಸ ಮಾಡ್ತಾರೆ."

"ನನಗೆ ಈ ಕೆಲಸ ಬರುತ್ತೆ, ಅಕ್ಕ."

"ಬರೋದನ್ನೆಲ್ಲ ಮಾಡೋಕೆ ಬಿಡ್ತಾರಾ?"

ಗಂಟೆ ಹೊಡೆಯಿತು. ಯಾರೂ ಅವಳ ಕಣ್ಣು ನೋಡದೆ ಎದ್ದರು.

ಆ ಸಂಜೆ ಅತ್ತೆಯ ಬೆನ್ನು ತಿಕ್ಕುವಾಗ ಅವಳ ಕೈ ನೆಟ್ಟಗಿರಲಿಲ್ಲ. ಒಮ್ಮೆ ಜೋರು, ಒಮ್ಮೆ ಮೆಲ್ಲಗೆ.

"ಚರ್ಮ ಕಿತ್ತುಬಂದ್ರೆ ನಿನ್ನ ಹತ್ರಾನೇ ಹೊಲಿಸ್ತೀನಿ," ಅಂದಳು ತೊಕು. "ಏನು ನುಂಗಿಕೊಂಡಿದ್ದೀಯ? ಹೇಳು."

ಮಿತ್ಸುಯೊ ಹೇಳಿದಳು. ಮುದುಕಿ ಬಿಸಿನೀರಿನಲ್ಲಿ ಗಲ್ಲದವರೆಗೂ ಮುಳುಗಿ, ಆವಿಯ ಕಡೆ ನೋಡುತ್ತ ಕೇಳಿದಳು.

"ನಾನು ಸರೋವರದ ಆಚೆ ರೇಷ್ಮೆ ಬಿಚ್ಚೋಕೆ ಹೋಗಿದ್ದೆ ಗೊತ್ತಲ್ಲ," ಅಂದಳು ಆಮೇಲೆ. "ಹದಿಮೂರು ವರ್ಷ ನನಗೆ. ಕುದಿಯೋ ನೀರಲ್ಲಿ ಕೈ. ಗೋಡೆ ಮೇಲೆ ಒಂದೇ ಗಡಿಯಾರ. ಸಂಜೆ ಕೆಲಸ ಬಿಡೋ ಹೊತ್ತಾದ್ರೆ ಮೇಸ್ತ್ರಿ ಏಣಿ ಹಾಕಿ ಮುಳ್ಳನ್ನ ಹಿಂದಕ್ಕೆ ತಿರುಗಿಸ್ತಿದ್ದ. ಕದ್ದುಮುಚ್ಚಿ ಅಲ್ಲ, ನಮ್ಮ ಕಣ್ಣೆದುರಿಗೇ. ಇನ್ನೂರು ಹುಡುಗೀರು ನೋಡ್ತಿದ್ವಿ."

"ಯಾರೂ ಏನೂ ಅನ್ಲಿಲ್ವಾ?"

"ಇಲ್ಲ. ಪಕ್ಕದವಳು ಹೇಳಲಿ ಅಂತ ಪ್ರತಿಯೊಬ್ಬಳೂ ಕಾಯ್ತಿದ್ದಳು. ನಾನೂ ಕಾದೆ. ಐವತ್ತೆಂಟು ವರ್ಷ ಆಯ್ತು." ತೊಕು ಮುಖಕ್ಕೆ ನೀರು ಹಾಕಿಕೊಂಡಳು. "ಮುದ್ರೆ ದೇವರ ಗೂಡಿನ ಎಡಗಡೆ ಖಾನೆಯಲ್ಲಿದೆ. ನಾಳೆ ತಗೊಂಡು ಹೋಗು. ಕಾಂಜಿಯನ್ನ ಕೇಳೋಕೆ ಹೋಗಬೇಡ, ಯೋಚನೆ ಮಾಡ್ತೀನಿ ಅಂತಾನೆ."

ಗುರುವಾರ ಹೊಸ ಹಾಳೆಯೊಂದರಲ್ಲಿ ಹೊತ್ತುಗಳನ್ನು ಅಚ್ಚುಕಟ್ಟಾಗಿ ಬರೆದು, ಉಷ್ಣಮಾಪಕದ ಅಂಕಿಗಳನ್ನು ಪಕ್ಕದಲ್ಲಿ ನಮೂದಿಸಿ, ಕೆಳಗೆ ಮುದ್ರೆ ಒತ್ತಿ ಅವಳು ಕಾಚೋನ ಮುಂದಿಟ್ಟಳು. ಈ ಸಲ ಮುದ್ರೆ ನೆಟ್ಟಗೆ ಬಿದ್ದಿತ್ತು. ಹಾಮಾ ಪಕ್ಕದಲ್ಲಿ ನಿಂತಿದ್ದ.

"ಅಂದ್ರೆ ಮೊದಲಿನದು ಸುಳ್ಳು," ಅಂದರು ಕಾಚೋ.

"ಹೌದು."

"ಬಿಚ್ಚಬೇಡಿ ಅಂತ ಸ್ಪಷ್ಟವಾಗಿ ಬರೆದಿತ್ತು."

"ಬಿಚ್ಚದೆ ಅಕ್ಕಿ ತೊಳೆಯೋದು ಹೇಗೆ ಅಂತ ಬರೆದಿರ್ಲಿಲ್ಲ, ಕಾಚೋ."

ಹಾಮಾ ಹಾಳೆಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದ. ತುಟಿ ಅಲ್ಲಾಡುತ್ತಿತ್ತು. "ಇಪ್ಪತ್ತೈದು ಡಿಗ್ರಿಯಿಂದ ದೂರ ಹೋದಷ್ಟೂ ತಪ್ಪು ವರ್ಗದ ಲೆಕ್ಕದಲ್ಲಿ ಏರುತ್ತೆ," ಎಂದು ತನ್ನಲ್ಲೇ ಗೊಣಗಿದ. "ಇಪ್ಪತ್ತೆಂಟು ಡಿಗ್ರಿ ಕಡಿಮೆ, ಐದೂಮುಕ್ಕಾಲು ಗಂಟೆ… ದಿನಕ್ಕೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ತಿಂಗಳಿಗೆ ಹದಿನೇಳು. ಕಾಚೋ, ಲೆಕ್ಕ ಕೂರುತ್ತೆ. ಗಂಡಸರ ಪರೀಕ್ಷೇಲಿ ಯಾಕೆ ಬರ್ಲಿಲ್ಲ ಅಂದ್ರೆ—" ಅಲ್ಲಿಗೆ ನಿಲ್ಲಿಸಿ ಕಿವಿ ತುರಿಸಿಕೊಂಡ. ಆ ಪರೀಕ್ಷೆಯಲ್ಲಿ ಅವನೂ ಗಡಿಯಾರ ಕಟ್ಟಿದ್ದ. ತಿಂಗಳಿಡೀ ಒಂದೇ ಒಂದು ಸಲವೂ ಅದನ್ನು ಬಿಚ್ಚುವ ಕೆಲಸ ಅವನಿಗೆ ಬಿದ್ದಿರಲಿಲ್ಲ.

"ಒಬ್ಬರ ಮಾತು," ಅಂದರು ಕಾಚೋ. "ಉಳಿದ ಹನ್ನೊಂದು ಜನ ಹಾಗೆ ಹೇಳಿಲ್ಲ. ನನ್ನ ಹೆಂಡತಿನೂ ಸದಾ ಕಟ್ಟಿಕೊಂಡೇ ಇದ್ದಳು. ಅವಳದು ಇಪ್ಪತ್ತೊಂದು ಸೆಕೆಂಡು ಹಿಂದೆ. ಇದಕ್ಕೇನಂತೀರಿ?"

ಮಿತ್ಸುಯೊ ನೆಲ ನೋಡುತ್ತ ಮಾತಾಡಿದಳು. ಧೈರ್ಯಕ್ಕಿಂತ ಹೆಚ್ಚಾಗಿ, ಇನ್ನು ಸುಮ್ಮನೆ ನಿಲ್ಲಲು ಆಗದೆ ಬಂದ ಮಾತು. "ನಿಮ್ಮ ಸ್ನಾನದ ನೀರು ತುಂಬಿಸುವಾಗ ಗಡಿಯಾರ ಎಲ್ಲಿತ್ತು ಅಂತ ದಯವಿಟ್ಟು ಮನೇಲಿ ಕೇಳ್ತೀರಾ?"

ಕಾಚೋನ ಕುತ್ತಿಗೆ ಕೆಂಪಾಯಿತು. ಕೈಬೀಸಿ ಹೊರಗೆ ಹೋಗುವಂತೆ ಸನ್ನೆ ಮಾಡಿದರು.

ಆ ದಿನ ಅವಳು ಎಂಬತ್ತು ಗಡಿಯಾರ ಹೊಂದಿಸಿದಳು, ಎಂದಿಗಿಂತ ಇಪ್ಪತ್ತು ಹೆಚ್ಚು. ಇನ್ನೆರಡು ದಿನದಲ್ಲಿ ಈ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ ಅನ್ನಿಸಿದಾಗಲೆಲ್ಲ ಬೆರಳು ಇನ್ನೂ ಬೇಗ ಓಡುತ್ತಿತ್ತು. ಇಸೊಕೊ ಎರಡು ಮೇಜು ಆಚೆ ಕೂತು ತಲೆ ಎತ್ತಲಿಲ್ಲ. ಸಂಜೆ ಸರೋವರದ ಮಂಜು ಬಿರಿಯುವ ಸದ್ದು ರಸ್ತೆಯವರೆಗೂ ಕೇಳಿಸಿತು. ಮನೆ ಸೇರುವವರೆಗೂ ಅವಳು ಓಡುನಡಿಗೆಯಲ್ಲೇ ಹೋದಳು.

ಶುಕ್ರವಾರ ಬೆಳಿಗ್ಗೆ ಹಾಮಾ ಅವಳನ್ನು ಕರೆದ. ಅವನ ಮೇಜಿನ ಮೇಲೆ ನಾಲ್ಕು ಚೀಟಿಗಳಿದ್ದವು. ಹೆಸರಿಲ್ಲ, ಮುದ್ರೆಯಿಲ್ಲ. ಅಂಗಡಿಯ ಚೀಟಿಯ ಹಿಂದೆ, ಮಕ್ಕಳ ಬರೆಯುವ ಪುಸ್ತಕದಿಂದ ಹರಿದ ಹಾಳೆಯಲ್ಲಿ, ಬರೀ ಹೊತ್ತುಗಳು. ಆರು ಗಂಟೆ ಹತ್ತು ನಿಮಿಷ, ಚಪ್ಪಲಿ ಗೂಡು. ಐದು ಗಂಟೆ, ಕ್ಲಿಪ್ಪಿನ ಬುಟ್ಟಿ. ಬೆಳಿಗ್ಗೆ ಬಾಗಿಲ ಕೆಳಗಿನಿಂದ ಯಾರೋ ತೂರಿಸಿದ್ದರಂತೆ. ಅವುಗಳಲ್ಲಿ ಇಸೊಕೊಳ ಕೈಬರಹ ಇರಲಿಲ್ಲ. ಮಿತ್ಸುಯೊ ಎರಡು ಸಲ ಹುಡುಕಿದಳು.

ಅಷ್ಟರಲ್ಲಿ ಕಾಚೋ ಬಂದರು. ಹಾಮಾನನ್ನೂ ನೋಡದೆ, ಅವಳನ್ನೂ ನೋಡದೆ, ಕೋಟಿನ ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದು ಚೀಟಿಗಳ ಪಕ್ಕದಲ್ಲಿಟ್ಟರು.

"ನಮ್ಮ ಮನೇಲಿ ಅಕ್ಕಿ ಡಬ್ಬದ ಮೇಲಂತೆ," ಅಂದರು. "ದಿನಕ್ಕೆ ಆರು ಗಂಟೆ. ಕೇಳಿದ್ದಕ್ಕೆ, ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಕೇಳಿದ್ರಿ ಅಂದಳು." ಕೊನೆಯ ಮಾತು ಹೇಳಬಾರದಿತ್ತು ಅನ್ನಿಸಿತೋ ಏನೋ, ಒಂದು ಸಲ ಕೆಮ್ಮಿದರು. "ಉಶಿಯಾಮಾ-ಸಾನ್, ಸೋಮವಾರ ನಿಮ್ಮ ಮೇಜಿಗೇ ಬನ್ನಿ. ಆದ್ರೆ ಸುಳ್ಳು ಮುದ್ರೆಗೆ ತಪ್ಪೊಪ್ಪಿಗೆ ಪತ್ರ ಬರೆದು ಬೆಳಗಿನ ಸಭೆಯಲ್ಲಿ ಓದಬೇಕು. ಅದು ಬಿಡೋಕಾಗಲ್ಲ."

ಮಿತ್ಸುಯೊ ಓದಿದಳು. ಮುನ್ನೂರು ಜನರ ಮುಂದೆ, ನಾನು ನಿಯಮ ಮೀರಿ ಗಡಿಯಾರ ಬಿಚ್ಚಿದೆ, ಬಿಚ್ಚಿಲ್ಲವೆಂದು ಬರೆದೆ, ಮುಂದೆ ಹೀಗೆ ಮಾಡುವುದಿಲ್ಲ ಎಂದು. ಮಾಡುವುದಿಲ್ಲ ಎನ್ನುವಾಗಲೇ ಸಂಜೆಗೆ ಅಕ್ಕಿ ನೆನೆಹಾಕಬೇಕೆಂದು ನೆನಪಾಯಿತು. ಚೀಟಿ ಬರೆದ ನಾಲ್ವರು ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ನಿಂತಿದ್ದರು. ಕಾಚೋನ ಹೆಂಡತಿಗೆ ಯಾರೂ ತಪ್ಪೊಪ್ಪಿಗೆ ಕೇಳಲಿಲ್ಲ. ಸಭೆ ಮುಗಿದ ಮೇಲೆ ಇಸೊಕೊ ಅವಳ ಮೇಜಿನ ಮೇಲೆ ಉಪ್ಪಿನಕಾಯಿಯ ಡಬ್ಬಿ ಇಟ್ಟು ಹೋದಳು. ಮಿತ್ಸುಯೊ ಅದನ್ನು ಆ ದಿನ ತೆರೆಯಲಿಲ್ಲ. ಮರುದಿನ ತೆರೆದಳು.

ವರದಿಯನ್ನು ಹಾಮಾ ತೋರಿಸಿದ. ಧರಿಸದ ಅವಧಿ ದಿನಕ್ಕೆ ಸರಾಸರಿ ಐದೂವರೆ ಗಂಟೆ, ಕಾರಣ ಮಹಿಳಾ ಬಳಕೆದಾರರ ಅಭ್ಯಾಸ, ಎಂದಿತ್ತು. ಅಭ್ಯಾಸ ಎಂಬ ಪದದ ಮೇಲೆ ಅವಳ ಬೆರಳು ನಿಂತಿತು. "ಬೇರೆ ಪದ ಹೊಳೀಲಿಲ್ಲ," ಅಂದ ಹಾಮಾ, ಮತ್ತೆ ಗೋಡೆಗೆ.

ಪರಿಹಾರ ಸರಳವಾಗಿತ್ತು. ಹೆಂಗಸರ ಗಡಿಯಾರವನ್ನು ಇನ್ನು ಮೇಲೆ ಸೊನ್ನೆಗೆ ನಿಲ್ಲಿಸುವುದಿಲ್ಲ. ಬೆಚ್ಚಗಿನ ಕೋಣೆಯಲ್ಲಿ ದಿನಕ್ಕೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗದಷ್ಟು ಮುಂದೆ ಓಡುವಂತೆ ತಿರುಪನ್ನು ಬಿಡುವುದು. ಮನೆಗೆ ಹೋದ ಮೇಲೆ ಚಳಿ ಅದನ್ನು ಹಿಂದೆಳೆದು ಸರಿಮಾಡುತ್ತದೆ. ಮೇಜು ಏಳರಿಂದ ಹೊರಟ ಪ್ರತಿ ಗಡಿಯಾರದ ಹೊಟ್ಟೆಯಲ್ಲೂ ಹಾಗೆ ಐದೂವರೆ ಗಂಟೆಯ ಪಾತ್ರೆ ಬಟ್ಟೆ ಅಡಗಿ ಕೂತಿತು. ಗಂಡಸರದಕ್ಕೆ ಸೊನ್ನೆಯೇ.

ಮೂರು ವರ್ಷದ ನಂತರ ಒಂದು ದೂರಿನ ಪತ್ರ ಅವಳ ಮೇಜಿಗೆ ಬಂತು, ಜೊತೆಗೆ ಗಡಿಯಾರವೂ. ಉತ್ತರದ ಯಾವುದೋ ಊರಿನ ಹೆಂಗಸು ಬರೆದಿದ್ದಳು. ಅಕ್ಷರಗಳು ಸೊರಗಿದ್ದವು. ಕೊಂಡಾಗಿನಿಂದ ನಿಮ್ಮ ಗಡಿಯಾರ ಒಂದು ದಿನವೂ ತಪ್ಪಿರಲಿಲ್ಲ. ಈಗ ಎರಡು ತಿಂಗಳಿಂದ ಆಸ್ಪತ್ರೆಯಲ್ಲಿ ಮಲಗಿದ್ದೇನೆ. ಇಲ್ಲಿ ಕೋಣೆ ಬೆಚ್ಚಗಿದೆ, ಕೈಯಿಂದ ಬಿಚ್ಚುವ ಕೆಲಸವೇ ಇಲ್ಲ. ಆದರೂ ಅದು ಇಪ್ಪತ್ತನಾಲ್ಕು ಸೆಕೆಂಡು ಮುಂದೆ ಓಡಿದೆ. ದಯವಿಟ್ಟು ನೋಡಿ.

ಉತ್ತರ ಬರೆಯುವುದೂ ಈಗ ಮಿತ್ಸುಯೊಳ ಕೆಲಸ. ಗಡಿಯಾರದಲ್ಲಿ ದೋಷವಿಲ್ಲ ಎಂದು ಬರೆದಳು. ತಾವು ಗುಣವಾಗಿ ಮನೆಗೆ ಹೋದ ಮೇಲೆ ಅದು ತಾನಾಗಿ ಸರಿಯಾಗುತ್ತದೆ, ಎಂದು ಮುಂದುವರಿಸಿದಳು. ವಾಕ್ಯದಲ್ಲಿ ತಪ್ಪಿರಲಿಲ್ಲ. ಮತ್ತೊಮ್ಮೆ ಓದಿದಳು. ಪೆನ್ನು ಕೆಳಗಿಟ್ಟಳು, ಎದ್ದು ಕಿಟಕಿಯವರೆಗೆ ಹೋಗಿ ಬಂದಳು, ಮತ್ತೆ ಕೂತು ಆ ಸಾಲನ್ನು ಹೊಡೆದುಹಾಕಿದಳು.

ಆಮೇಲೆ ಗಡಿಯಾರದ ಬೆನ್ನು ತೆರೆದು, ಉಸಿರು ಹಿಡಿದು, ತಿರುಪನ್ನು ಸಾಸಿವೆಯಷ್ಟು ಹಿಂದಕ್ಕೆ ತಿರುಗಿಸಿ ಸೊನ್ನೆಗೆ ತಂದಳು. ಮನೆಗೆ ಹೋದರೆ ಅದು ಹಿಂದೆ ಬೀಳುತ್ತದೆ. ಬೀಳಲಿ. ಹಿಂದೆ ಬಿದ್ದದ್ದು ಆ ಮನೆಯಲ್ಲಿ ಯಾರ ಕಣ್ಣಿಗಾದರೂ ಬೀಳಲಿ. ಹೊಸ ಹಾಳೆ ತೆಗೆದು, ತಮಗಾಗಿ ಸೊನ್ನೆಗೆ ಹೊಂದಿಸಿದ್ದೇನೆ, ಬಿಚ್ಚದೆ ಕಟ್ಟಿಕೊಳ್ಳಿ, ಎಂದು ಬರೆದು, ಕೆಳಗೆ ತನ್ನ ಮೇಜಿನ ಸಂಖ್ಯೆ ಹಾಕಿದಳು.